ಕೈಯ ಕಾಯಕವೂ ವಾರದ ಮಾತ್ರೆಯೂ

ಕಾಯಕವೆಂಬ ಶಬ್ದದ ಒಡಲಲ್ಲಿಯೇ ಕಾಯವಿದೆ. ಕಾಯದಿಂದ ನಡೆಯತಕ್ಕದ್ದು ಕಾಯಕ. ಶರಣರು ದುಡಿಮೆಗೆ ಈ ಹೆಸರನ್ನಿತ್ತು ಅದನ್ನು ಪೂಜೆಯ ಸಮಕ್ಕೆ ಎತ್ತಿ ನಿಲ್ಲಿಸಿದರೆಂಬುದು ವಾಚಕರಿಗೆ ವಿದಿತವಾದ ವಿಷಯವೇ ಆಗಿದೆ. ಆದರೆ ಕಾಯವೇ ಮುನಿದು ನಿಂತಾಗ ಕಾಯಕದ ಗತಿಯೇನು? ಮುಪ್ಪಿನಿಂದ ಮೈ ಸೋತವನ ಮಾತು ಬೇರೆ. ಅವನ ಪಾಲಿನ ದುಡಿಮೆಯನ್ನು ಮಕ್ಕಳು ಹೊರುತ್ತಾರೆ, ಲೋಕವೂ ಅದನ್ನು ಸಹಜವೆಂದು ಒಪ್ಪುತ್ತದೆ. ಮೂವತ್ತು ನಲವತ್ತರ ವಯಸ್ಸಿನಲ್ಲಿ, ಸಂಸಾರದ ನೊಗವೆಲ್ಲ ಹೆಗಲ ಮೇಲಿರುವಾಗ, ಹೊರಗಿನಿಂದ ಯಾವ ಪೆಟ್ಟೂ ಬೀಳದೆ ಕೈಬೆರಳುಗಳು ತಾವಾಗಿ ಬಿಗಿದುಕೊಂಡರೆ ಅದನ್ನು ಮನೆಯವರು ಸುಲಭವಾಗಿ ಒಪ್ಪರು. ನೋವು ತಿನ್ನುವವರೂ ಒಪ್ಪರು. ಆ ವ್ಯಾಧಿಯ ಸ್ವರೂಪವನ್ನೂ, ಅದಕ್ಕೆ ಇಂದು ದೊರೆಯುವ ಔಷಧದ ಮರ್ಮವನ್ನೂ, ಔಷಧವನ್ನು ಹೊಸದಾಗಿ ತೊಡಗುವವರ ಮನಸ್ಸಿನಲ್ಲಿ ಏಳುವ ಶಂಕೆಗಳನ್ನೂ ಇಲ್ಲಿ ವಿಚಾರಿಸಲಾಗುವುದು.

ತರೀಕೆರೆಯ ಸೀಮೆಗೆ ಈ ವಿಚಾರ ವಿಶೇಷವಾಗಿ ಸಲ್ಲುತ್ತದೆ. ಕಲ್ಯಾಣದ ವಿಪ್ಲವದ ತರುವಾಯ ಶರಣರು ದಿಕ್ಕುದಿಕ್ಕಿಗೆ ಚದುರಿದಾಗ ಅಕ್ಕನಾಗಮ್ಮನು ಉಳವಿಯಿಂದ ಮುಂದೆ ಸಾಗಿ ಬಂದು, ತರೀಕೆರೆಗೆ ಸಮೀಪದ ಎಣ್ಣೆಹೊಳೆಯ ದಡದಲ್ಲಿ ಐಕ್ಯಳಾದಳೆಂಬುದು ಸಂಪ್ರದಾಯದ ನಂಬಿಕೆ. ಆಕೆಯೊಡನೆ ಬಂದವರಲ್ಲಿ ನುಲಿಯ ಚಂದಯ್ಯನೂ ಒಬ್ಬನೆಂದು ಹೇಳುತ್ತಾರೆ. ಹುಲ್ಲನ್ನು ಕೊಯ್ದು ತಂದು, ಹಗ್ಗ ಹೊಸೆದು, ಮಾರಿ ಬಂದ ಹಣದಿಂದ ಜಂಗಮದಾಸೋಹವನ್ನು ನಡೆಸಿದ ಶರಣನೀತ. ಹುಲ್ಲು ಕೊಯ್ಯುವಾಗ ಲಿಂಗವು ನೀರಿಗೆ ಜಾರಿಬಿದ್ದರೂ ಕಾಯಕವನ್ನು ನಿಲ್ಲಿಸದೆ ನಡೆದನೆಂಬ ಕಥೆಯಿಂದ ಅವನ ನಿಷ್ಠೆ ಪ್ರಸಿದ್ಧವಾಗಿದೆ. ಹಗ್ಗ ಹೊಸೆಯುವುದನ್ನು ಕಣ್ಣಾರೆ ಕಂಡವರು ಬಲ್ಲರು: ಎರಡು ಅಂಗೈ, ಎರಡು ಮಣಿಕಟ್ಟು, ಹತ್ತು ಬೆರಳ ಗಿಣ್ಣು ಒಂದೇ ಹದದಲ್ಲಿ ಆಡಬೇಕು. ಒಂದು ಗಿಣ್ಣು ಮುಷ್ಕರ ಹೂಡಿದರೂ ಹುರಿ ಸಡಿಲಾಗುತ್ತದೆ. ರೂಮಟಾಯ್ಡ್ ಆರ್ಥ್ರೈಟಿಸ್ ಎಂದು ಇಂದಿನ ವೈದ್ಯರು ಕರೆಯುವ ವ್ಯಾಧಿಯು ಮೊದಲು ಹಿಡಿಯುವುದು ಇವೇ ಸಂದುಗಳನ್ನು. ಜನರ ಬಾಯಲ್ಲಿ ಇದು ಕೀಲುವಾತ, ಸಂದಿವಾತ ಎಂಬ ಹೆಸರುಗಳಲ್ಲಿ ಬಳಕೆಯಲ್ಲಿದೆ. ಆದರೆ ಆ ಹೆಸರುಗಳು ಹತ್ತಾರು ಬೇನೆಗಳಿಗೆ ಸಲ್ಲುವುದರಿಂದ ತೊಡಕೂ ಅಲ್ಲಿಯೇ ಹುಟ್ಟುತ್ತದೆ.

ರೋಗವು ಬರುವ ಬಗೆಯನ್ನು ನೋಡಬೇಕು. ಬೆಳಗಾಗ ಎದ್ದರೆ ಮುಷ್ಟಿ ಕಟ್ಟಲು ಬಾರದು. ಬೆರಳು ಮರದ ಕಡ್ಡಿಯಂತೆ ಸೆಟೆದಿರುತ್ತದೆ. ಈ ಬಿಗಿತ ಐದು ಹತ್ತು ನಿಮಿಷದಲ್ಲಿ ಬಿಡುವಂಥದಲ್ಲ. ಒಂದು ಗಂಟೆ, ಕೆಲವರಿಗೆ ಮಧ್ಯಾಹ್ನದವರೆಗೂ ಇರುತ್ತದೆ. ಬಲಗೈಯಲ್ಲಿ ಯಾವ ಗಿಣ್ಣು ಊದಿದೆಯೋ ಪ್ರಾಯಶಃ ಎಡಗೈಯಲ್ಲಿಯೂ ಅದೇ ಊದಿರುತ್ತದೆ. ಕಾಲ್ಬೆರಳ ಬುಡ ನೊಂದು, ನೆಲಕ್ಕೆ ಪಾದವಿಟ್ಟರೆ ಕಲ್ಲುಹರಳಿನ ಮೇಲೆ ನಡೆದಂತಾಗುತ್ತದೆ. ಮುದ್ದೆ ತೊಳಸುವ ಕೋಲು ಕೈಯಲ್ಲಿ ನಿಲ್ಲದು, ಒದ್ದೆ ಸೀರೆಯನ್ನು ಹಿಂಡಲಾಗದು, ನಲ್ಲಿಯನ್ನು ತಿರುಗಿಸಲಾಗದು. ಅಜ್ಜಂಪುರದ ಕಡೆಯ ಮನೆಗಳಲ್ಲಿ ಹಸುವಿನ ಕೆಚ್ಚಲಿಗೆ ಕೈಯಿಟ್ಟವರಿಗೆ ಹಾಲು ಕರೆಯಲು ಬಲ ಸಾಲದು. ತರೀಕೆರೆಯ ತೋಟಗಳ ಕಡೆ ಅಡಿಕೆಯ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಹತ್ತು ಅಡಿಕೆ ಸುಲಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದ ಕಷ್ಟ ಪ್ರಾತಃಕಾಲದ ಪೂಜೆಯದು. ಎಡ ಅಂಗೈಯನ್ನು ಚಾಚಿ, ಮಣಿಕಟ್ಟನ್ನು ಅಲುಗಿಸದೆ, ಲಿಂಗವನ್ನು ಕರಸ್ಥಲದಲ್ಲಿ ನಿಲ್ಲಿಸಿಕೊಳ್ಳಬೇಕಾದ ಹೊತ್ತೂ ರೋಗದ ಬಿಗಿತ ತಾರಕಕ್ಕೇರುವ ಹೊತ್ತೂ ಒಂದೇ. ಇದನ್ನು ಅನುಭವಿಸುವವರು ಹೊರಗೆ ಹೇಳಿಕೊಳ್ಳುವುದು ಅಪೂರ್ವ. ಮೇಲಾಗಿ ಕೀಲುಗಳ ನೋವಿನೊಡನೆ ಸಣ್ಣ ಕಾವು, ರಕ್ತಹೀನತೆ, ನಿದ್ರೆ ಮಾಡಿದರೂ ಹೋಗದ ಆಯಾಸಗಳೂ ಕೂಡಿಕೊಳ್ಳುವುದರಿಂದ ಸೊಸೆಯಾದವಳಿಗೆ ಸೋಮಾರಿಯೆಂಬ ಹೆಸರು ಬರಲು ಹೆಚ್ಚು ದಿನ ಬೇಕಾಗುವುದಿಲ್ಲ.

ಸೊಸೆಯೆಂದು ಹೇಳಿದ್ದು ಸಕಾರಣವಾಗಿಯೇ. ಈ ವ್ಯಾಧಿ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಾಲು ಹೆಚ್ಚು. 1993ರಲ್ಲಿ ಪ್ರಕಟವಾದ ಮಾಲವೀಯ ಮೊದಲಾದ ವೈದ್ಯರ ಸಮೀಕ್ಷೆಯು ಭಾರತದ ವಯಸ್ಕರಲ್ಲಿ ಇದರ ಪ್ರಮಾಣವನ್ನು ನೂರಕ್ಕೆ 0.75 ಎಂದು ಎಣಿಸಿತು. ಅಂದರೆ ಎರಡು ಸಾವಿರ ವಯಸ್ಕರಿರುವ ಒಂದು ಊರಿನಲ್ಲಿ ಹದಿನೈದು ಮಂದಿ. ಇದು ಎಲ್ಲೋ ಒಬ್ಬರಿಗೆ ಬರುವ ಅಪರೂಪದ ವ್ಯಾಧಿಯೆಂದು ತಿಳಿಯುವುದು ಸರಿಯಲ್ಲ.

ಆದರೆ ಕೀಲು ನೊಂದದ್ದೆಲ್ಲವೂ ಇದೇ ಎಂದು ಬಗೆಯಲಾಗದು. 2006ರಲ್ಲಿ ಕರ್ನಾಟಕದ ಜಿಲ್ಲೆಜಿಲ್ಲೆಗಳನ್ನು ಹೊಕ್ಕ ಚಿಕುನ್‌ಗುನ್ಯ ಜ್ವರವು ಎಷ್ಟೋ ಮಂದಿಯನ್ನು ತಿಂಗಳುಗಟ್ಟಲೆ ಕುಂಟಿಸಿತು. ಅದು ಸೊಳ್ಳೆಯಿಂದ ಬರುವ ವಿಷಾಣುವಿನ ಕೃತ್ಯ, ಬಹುಮಂದಿಗೆ ಕಾಲಕ್ರಮದಲ್ಲಿ ತಾನಾಗಿ ಇಳಿಯಿತು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬೆಳಕಿಗೆ ಬಂದು, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೂ ಕಂಡುಬಂದ ಹಂದಿಗೋಡು ಕಾಯಿಲೆಯು ವಂಶದಲ್ಲಿ ಹರಿದುಬರುವ ಮೂಳೆ ಕೀಲುಗಳ ವಿಕಾರ. ಅದರ ದಾರಿಯೇ ಬೇರೆ. ಮುಪ್ಪಿನ ಮೊಣಕಾಲು ನೋವು ಸವೆತದಿಂದ ಬಂದದ್ದು, ಸಂಜೆಗೆ ಹೆಚ್ಚು, ಬೆಳಿಗ್ಗೆ ಕಡಿಮೆ. ಒಂದರ ಔಷಧವು ಇನ್ನೊಂದಕ್ಕೆ ಸಲ್ಲದು. ಆರು ವಾರಗಳಿಗೂ ಮೀರಿ ಎರಡೂ ಕೈಗಳ ಗಿಣ್ಣುಗಳು ಊದಿಯೇ ಇದ್ದರೆ, ನೆರೆಮನೆಯವರ ಮಾತ್ರೆಯನ್ನು ಕೇಳಿ ತಿನ್ನದೆ, ತಿಳಿದ ವೈದ್ಯನ ಕಣ್ಣಿಗೆ ಕೈಯನ್ನು ತೋರಿಸಬೇಕಾದದ್ದು ಆದ್ಯ ಕರ್ತವ್ಯ.

ಪ್ರಾಚೀನರು ಇದನ್ನು ಕಂಡಿರಲಿಲ್ಲವೇ ಎಂದು ಕೇಳುವವರುಂಟು. ಕಂಡಿದ್ದರು. ಮಾಧವಕರನ ಮಾಧವನಿದಾನದಲ್ಲಿ ಆಮವಾತಕ್ಕೆ ಪ್ರತ್ಯೇಕವಾದ ಪ್ರಕರಣವೇ ಇದೆ. ಸಂಧಿಗಳಲ್ಲಿ ಊತ, ಜ್ವರ, ಅರುಚಿ, ಮೈಭಾರ, ಸ್ತಬ್ಧತೆ ಎಂದು ಅಲ್ಲಿ ಹೇಳಿರುವ ಲಕ್ಷಣಗಳನ್ನು ಇಂದಿನ ವೈದ್ಯನ ಟಿಪ್ಪಣಿಯ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುವಷ್ಟು ಸಾಮ್ಯವಿದೆ. ಎರಡೂ ಒಂದೇ ಎಂದು ಪ್ರತಿಜ್ಞೆ ಮಾಡುವುದು ಮಾತ್ರ ಪಂಡಿತರ ಆತುರವಾದೀತು. ಆಮವಾತದ ವ್ಯಾಪ್ತಿ ದೊಡ್ಡದು, ಅದರಲ್ಲಿ ಬೇರೆ ಕೀಲುಬೇನೆಗಳೂ ಅಡಗಿವೆ. ಐರೋಪ್ಯರಲ್ಲಿ ಈ ವ್ಯಾಧಿಯನ್ನು ಬೇರೆಯಾಗಿ ಗುರುತಿಸಿ ಇಂದಿನ ಹೆಸರನ್ನಿಟ್ಟವನು ಆಲ್ಫ್ರೆಡ್ ಗ್ಯಾರಡ್ ಎಂಬ ಆಂಗ್ಲ ವೈದ್ಯ, 1859ರಲ್ಲಿ.

ಹೆಸರಿಟ್ಟದ್ದಾಯಿತು; ಕಾರಣ ತಿಳಿಯಲು ಮತ್ತೂ ಒಂದು ಶತಮಾನ ಹಿಡಿಯಿತು. ರಕ್ತದಲ್ಲಿರುವ ಶ್ವೇತಕಣಗಳೂ ಅವು ಹೊರಡಿಸುವ ಪ್ರತಿಕಾಯಗಳೂ ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಎದುರಿಸಲು ಇರತಕ್ಕವು. ಅವು ತಮ್ಮ ಶರೀರವನ್ನೇ ಎದುರಿಸಿದರೆ ಎಷ್ಟು ಭಯಂಕರವಾದೀತೆಂದು ಜರ್ಮನಿಯ ಪಾಲ್ ಎರ್ಲಿಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಯೋಚಿಸಿದ್ದನು. ಪ್ರಕೃತಿಯು ಹಾಗಾಗಗೊಡದೆಂಬುದು ಬಹುಕಾಲದ ನಂಬಿಕೆಯಾಗಿತ್ತು. 1956ರ ಸುಮಾರಿಗೆ ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಥೈರಾಯ್ಡ್ ಗ್ರಂಥಿಯ ಮೇಲೆ ನಡೆದ ಶೋಧಗಳು ಆ ನಂಬಿಕೆಯನ್ನು ಮುರಿದುವು. ತನ್ನನ್ನು ತಾನೇ ಪರನೆಂದು ಭ್ರಮಿಸಿ ಕಾದಾಡುವ ಶರೀರವೂ ಉಂಟು. ಥೈರಾಯ್ಡಿನ ಕೆಲವು ಬೇನೆಗಳು, ಎಳೆಯ ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ತೊನ್ನು, ಮುಖದ ಮೇಲೆ ಕೆಂಪು ಹರಡುವ ಲೂಪಸ್, ಇವೆಲ್ಲ ಈ ಜಾತಿಗೆ ಸೇರಿದವು. ಕೀಲಿನ ಒಳಪೊರೆಯ ಮೇಲೆ ಈ ಕದನ ನಡೆದರೆ ಅದೇ ರೂಮಟಾಯ್ಡ್ ಆರ್ಥ್ರೈಟಿಸ್.

ತೋಟಕ್ಕೆ ಕಾವಲಿಟ್ಟ ನಾಯಿಯೊಂದು ಮನೆಯ ಮಕ್ಕಳನ್ನೇ ಕಳ್ಳರೆಂದು ತಿಳಿದು ಕಚ್ಚತೊಡಗಿತೆಂದು ಭಾವಿಸೋಣ. ಅದನ್ನು ಕೊಲ್ಲುವಂತಿಲ್ಲ, ಕೊಂದರೆ ನಿಜವಾದ ಕಳ್ಳನು ಬಂದಾನು. ಬೈದು ಬುದ್ಧಿ ಹೇಳುವಂತೆಯೂ ಇಲ್ಲ. ಹಗ್ಗ ಹಾಕಿ ಹಿಡಿಯುವುದೊಂದೇ ದಾರಿ. ಹಗ್ಗ ಉದ್ದವಾದರೆ ಕಚ್ಚೀತು, ತೀರ ಗಿಡ್ಡವಾದರೆ ಕಾವಲು ತಪ್ಪೀತು. ಈ ರೋಗದ ಚಿಕಿತ್ಸೆಯೆಲ್ಲ ಆ ಹಗ್ಗದ ಅಳತೆಯಲ್ಲಿಯೇ ಇದೆ.

ಕಾವಲು ಹೀಗೆ ತಪ್ಪಲು ಕಾರಣವೇನು? ಹುಟ್ಟಿನಿಂದ ಬಂದ ಒಲವು ಸ್ವಲ್ಪ. ಬೀಡಿ ಸಿಗರೇಟುಗಳ ಹೊಗೆ ಅದನ್ನು ಪ್ರಚೋದಿಸುತ್ತದೆಂಬುದು ಸಿದ್ಧವಾಗಿದೆ. ಉಳಿದ ಪಾಲನ್ನು ವಿಜ್ಞಾನಿಗಳು ಇನ್ನೂ ಶೋಧಿಸುತ್ತಿದ್ದಾರೆ. ಪೂರ್ವಜನ್ಮದ ಪಾಪವೆಂದೂ, ಬಾಣಂತನದಲ್ಲಿ ತಣ್ಣೀರು ಮುಟ್ಟಿದ ಫಲವೆಂದೂ, ಯಾರೋ ಮಾಡಿಸಿದ್ದೆಂದೂ ಹೇಳುವ ಬಾಯಿಗಳು ಪ್ರತಿಯೊಂದು ಬೀದಿಯಲ್ಲಿಯೂ ಇವೆ. ನೊಂದವರಿಗೆ ಇನ್ನೊಂದು ನೋವನ್ನು ಸೇರಿಸುವುದರ ಹೊರತು ಆ ಮಾತಿನಿಂದ ಪ್ರಯೋಜನವಿಲ್ಲ. ಶರಣರ ಗೋಷ್ಠಿಯಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೇ ಅವನ ಕಾಯಕ. ರೋಗ ಮತ್ತು ಔಷಧಗಳ ಭಾಷೆಯನ್ನೇ ಅವನು ಅನುಭಾವದ ಭಾಷೆಯನ್ನಾಗಿ ಮಾಡಿಕೊಂಡನು. ದೇಹವನ್ನು ದೇಗುಲವೆಂದು ಕಂಡ ಪರಂಪರೆಯಲ್ಲಿ ದೇಗುಲದ ಗೋಡೆ ಬಿರುಕು ಬಿಟ್ಟಾಗ ಗಾರೆಯವನನ್ನು ಕರೆಯುವುದು ಭಕ್ತಿಗೆ ಕುಂದೆಂದು ಯಾರೂ ಎಣಿಸಲಿಲ್ಲ.

ಇನ್ನು ರೋಗನಿರ್ಣಯದ ಮಾತು. ವೈದ್ಯನು ಮೊದಲು ಕೈಗಳನ್ನು ಒತ್ತಿ ನೋಡುತ್ತಾನೆ. ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. ರಕ್ತದಲ್ಲಿ ಉರಿಯೂತದ ಪ್ರಮಾಣವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ಎಂಬ ಎರಡು ಪರೀಕ್ಷೆಗಳೂ, ರೂಮಟಾಯ್ಡ್ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಎಂಬ ಪ್ರತಿಕಾಯಗಳ ಪರೀಕ್ಷೆಗಳೂ ಅದಕ್ಕೆ ಬೆಂಬಲವಾಗಿ ಬರುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ರೂಮಟಾಯ್ಡ್ ಫ್ಯಾಕ್ಟರ್ ಇದ್ದವರೆಲ್ಲರಿಗೂ ರೋಗವಿಲ್ಲ, ರೋಗವಿರುವ ಎಲ್ಲರಲ್ಲಿಯೂ ಅದು ಸಿಗುವುದಿಲ್ಲ. ಕಾಗದದ ಮೇಲಿನ ಒಂದು ಅಂಕಿಯನ್ನು ಹಿಡಿದುಕೊಂಡು ಹೆದರುವುದೂ ನಿರಾಳವಾಗುವುದೂ ಎರಡೂ ಅವಸರವೇ.

ನಿರ್ಣಯವಾದ ದಿನ ವೈದ್ಯನು ಆಡುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ಇದನ್ನು ಬೇರುಸಹಿತ ಕೀಳಲಾಗದು, ಹಿಡಿತದಲ್ಲಿಡಬಹುದು. ಕೇಳಿದವರ ಕಿವಿಯಲ್ಲಿ ಉಳಿಯುವುದು ಮೊದಲಿನ ಅರ್ಧವೊಂದೇ. ಮನೆಗೆ ಬಂದು ಔಷಧದ ಚೀಟಿಯನ್ನು ದೇವರ ಮಾಡದಲ್ಲಿಟ್ಟು, ಮುಂದಿನ ತಿಂಗಳು ನೋಡೋಣವೆಂದು ಕೂರುವವರು ಬಹಳ. ಅಷ್ಟರವರೆಗೆ ನೋವಿನ ಗುಳಿಗೆ ಸಾಕೆಂಬ ಎಣಿಕೆ. ಇಲ್ಲಿಯೇ ದೊಡ್ಡ ಹಾನಿ ನಡೆಯುವುದು. ನೋವಿನ ಗುಳಿಗೆಯು ನೋವನ್ನು ತಗ್ಗಿಸುತ್ತದೆಯೇ ಹೊರತು ಕೀಲಿನೊಳಗಿನ ಕದನವನ್ನು ನಿಲ್ಲಿಸುವುದಿಲ್ಲ. ಊದಿದ ಪೊರೆಯು ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಮೆಲ್ಲಮೆಲ್ಲನೆ ತಿನ್ನುತ್ತದೆ. ಈ ಕೊರೆತವು ಎಷ್ಟೋ ಮಂದಿಯಲ್ಲಿ ಮೊದಲ ಎರಡು ವರ್ಷಗಳೊಳಗೇ ಕಾಣಿಸಿಕೊಳ್ಳುತ್ತದೆ. ಹೋದ ಮೂಳೆ ಮರಳಿ ಬೆಳೆದು ಹಿಂದಿನ ಆಕಾರಕ್ಕೆ ಬಾರದು. ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ ಮೇಲೆ, ಮಣಿಕಟ್ಟು ಕೂಡಿಕೊಂಡ ಮೇಲೆ, ಅತ್ಯುತ್ತಮವಾದ ಔಷಧವೂ ಅದನ್ನು ನೇರ ಮಾಡಲಾರದು. ಆದಕಾರಣ ಇಂದಿನ ವೈದ್ಯಶಾಸ್ತ್ರವು ಹೇಳುವುದು ಇಷ್ಟು: ನಿರ್ಣಯವಾದೊಡನೆ, ಸಾಧ್ಯವಾದರೆ ಮೊದಲ ಮೂರು ತಿಂಗಳೊಳಗೆ, ರೋಗದ ಗತಿಯನ್ನೇ ತಿರುಗಿಸುವ ಔಷಧವನ್ನು ಆರಂಭಿಸಬೇಕು.

ಆ ಔಷಧಗಳಲ್ಲಿ ಮೊದಲನೆಯದು ಮೆಥೊಟ್ರೆಕ್ಸೇಟ್. ಔಷಧದಂಗಡಿಯವನೋ ಓದಿದ ನೆಂಟನೋ ಅದರ ಪೊಟ್ಟಣದ ಕಾಗದವನ್ನು ಬಿಡಿಸಿ ಓದಿ, "ಇದು ಕ್ಯಾನ್ಸರಿನ ಮಾತ್ರೆಯಲ್ಲವೇನಮ್ಮ?" ಎಂದುಬಿಟ್ಟರೆ ಮುಗಿಯಿತು. ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಹೇಳಿದ ಮಾತು ಸುಳ್ಳೂ ಅಲ್ಲ. ಪೂರ್ಣವಾದ ನಿಜವೂ ಅಲ್ಲ. ಇದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಗೋದಾವರಿ ಸೀಮೆಯ ಭೀಮವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಎಂಬವರು ಮದರಾಸಿನಲ್ಲಿ ವೈದ್ಯ ಕಲಿತು, 1923ರಲ್ಲಿ ಅಮೆರಿಕಕ್ಕೆ ಹೋದರು. ಅವರ ಸೋದರನೊಬ್ಬನು ಸ್ಪ್ರೂ ಎಂಬ ಕರುಳಿನ ಬೇನೆಯಿಂದ ತೀರಿಕೊಂಡಿದ್ದನು. ಆ ಬೇನೆಗೂ ರಕ್ತಹೀನತೆಗೂ ಮದ್ದಾದ ಫೋಲಿಕ್ ಆಸಿಡ್ ಎಂಬ ಜೀವಸತ್ವವನ್ನು ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅವರ ಮೇಲ್ವಿಚಾರಣೆಯ ತಂಡವು 1945ರಲ್ಲಿ ಕೃತಕವಾಗಿ ತಯಾರಿಸಿತು. ಆಮೇಲೆ ಅದೇ ಫೋಲಿಕ್ ಆಸಿಡನ್ನು ಹೋಲುತ್ತ ಅದರ ಕೆಲಸಕ್ಕೆ ಅಡ್ಡಬರುವ ವಸ್ತುಗಳನ್ನೂ ಆ ತಂಡ ರಚಿಸಿತು. ಅವುಗಳಲ್ಲೊಂದನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳಿಗೆ ಕೊಟ್ಟು, ರೋಗವು ತಾತ್ಕಾಲಿಕವಾಗಿಯಾದರೂ ಹಿಂಜರಿದದ್ದನ್ನು 1948ರಲ್ಲಿ ಪ್ರಕಟಿಸಿದನು. ಅದೇ ವರ್ಷ ಸುಬ್ಬರಾಯರು ಕಾಲವಾದರು. 1951ರಲ್ಲಿ ಗಬ್ನರ್ ಎಂಬ ವೈದ್ಯನು ಅದೇ ವರ್ಗದ ವಸ್ತುವನ್ನು ಬಹು ಅಲ್ಪ ಪ್ರಮಾಣದಲ್ಲಿ ಕೀಲುವಾತದವರಿಗೆ ಕೊಟ್ಟು ಊತ ಇಳಿಯುವುದನ್ನು ಕಂಡನು. ಆದರೆ ಅವನ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಏಕೆಂದರೆ ಆಗ ಲೋಕದ ಕಣ್ಣೆಲ್ಲ ಕಾರ್ಟಿಸೋನಿನ ಮೇಲಿತ್ತು.

ಕಾರ್ಟಿಸೋನಿನದು ಬೇರೊಂದು ಪಾಠ. ಅಮೆರಿಕದ ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಎಂಬವನು, ಗರ್ಭಿಣಿಯರಲ್ಲಿಯೂ ಕಾಮಾಲೆಯಾದವರಲ್ಲಿಯೂ ಈ ಕೀಲುರೋಗ ತಾನಾಗಿ ಇಳಿಯುವುದನ್ನು ವರ್ಷಗಟ್ಟಲೆ ಗಮನಿಸಿದ್ದನು. 1948ರ ಸೆಪ್ಟೆಂಬರಿನಲ್ಲಿ ಅವನು ಹಾಸಿಗೆ ಹಿಡಿದಿದ್ದ ಒಬ್ಬ ಯುವತಿಗೆ ಆ ದ್ರವ್ಯದ ಸೂಜಿ ಹಾಕಿಸಿದನು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಅವನಿಗೂ ಕೆಂಡಲ್, ರೈಖ್‌ಸ್ಟೈನ್ ಎಂಬವರಿಗೂ ನೊಬೆಲ್ ಬಹುಮಾನ ಬಂದಿತು. ತರುವಾಯ ಏನಾಯಿತು? ದೊಡ್ಡ ಪ್ರಮಾಣದಲ್ಲಿ ಬಹುಕಾಲ ಸೇವಿಸಿದವರಿಗೆ ಮುಖ ಊದಿ, ಮೂಳೆ ಟೊಳ್ಳಾಗಿ, ರಕ್ತದಲ್ಲಿ ಸಕ್ಕರೆ ಏರಿತು. ಥಟ್ಟನೆ ನಿಲ್ಲಿಸಿದವರಿಗೆ ಪ್ರಾಣಸಂಕಟವೇ ಆಯಿತು. ಇಂದು ಆ ವರ್ಗದ ಪ್ರೆಡ್ನಿಸೊಲೋನನ್ನು ವೈದ್ಯರು ಚಿಕಿತ್ಸೆಯ ಆರಂಭದಲ್ಲಿ, ಇತರ ಔಷಧಗಳು ಹತ್ತುವವರೆಗೆ, ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಮಾತ್ರ ಕೊಡುತ್ತಾರೆ. ನಿಲ್ಲಿಸುವಾಗಲೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಒಂದೇ ವಾರದಲ್ಲಿ ಕುಣಿಯುವಂತೆ ಮಾಡುತ್ತೇನೆಂದು ಸಂತೆಯಲ್ಲಿ ಪುಡಿ ಮಾರುವವನನ್ನು ಕಂಡರೆ ಹೆಂಚನ ಕಥೆಯನ್ನು ನೆನೆಯಬೇಕು. ಹೆಸರಿಲ್ಲದ ಇಂಥ ಪುಡಿ ಗುಳಿಗೆಗಳಲ್ಲಿ ಈ ಸ್ಟೀರಾಯ್ಡನ್ನೇ ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಿಂದ ಹೊರಬಿದ್ದ ವಿಷಯ.

ಕಾರ್ಟಿಸೋನಿನ ಮೋಹ ಇಳಿದ ಮೇಲೆ ವೈದ್ಯಲೋಕವು ಮೆಥೊಟ್ರೆಕ್ಸೇಟಿನ ಕಡೆ ತಿರುಗಿತು. 1985ರ ಸುಮಾರಿಗೆ ನಡೆದ ಪರೀಕ್ಷೆಗಳು ಅದರ ಗುಣವನ್ನು ಸ್ಥಾಪಿಸಿದುವು. 1988ರಲ್ಲಿ ಅಮೆರಿಕದ ಸರ್ಕಾರವು ಈ ರೋಗಕ್ಕೆ ಅದನ್ನು ಅಂಗೀಕರಿಸಿತು. ಕ್ಯಾನ್ಸರಿಗೆ ಕೊಡುವ ಪ್ರಮಾಣ ಎಷ್ಟೋ ಪಾಲು ದೊಡ್ಡದು; ಅಲ್ಲಿ ಉದ್ದೇಶ ಕೊಲ್ಲುವುದು. ಕೀಲುವಾತಕ್ಕೆ ಕೊಡುವುದು ವಾರಕ್ಕೆ ಏಳೂವರೆಯಿಂದ ಆರಂಭವಾಗಿ, ಮೆಲ್ಲಗೆ ಏರಿದರೂ ಸಾಮಾನ್ಯವಾಗಿ ಇಪ್ಪತ್ತೈದು ಮಿಲಿಗ್ರಾಂ ಮೀರದು. ಇಲ್ಲಿ ಉದ್ದೇಶ ಕೆರಳಿದ ಕಾವಲನ್ನು ಶಾಂತಗೊಳಿಸುವುದು. ಸಂಸ್ಕೃತದಲ್ಲಿ ಮಾತ್ರಾ ಎಂದರೆ ಅಳತೆ. ಕನ್ನಡದಲ್ಲಿ ಅದೇ ಶಬ್ದವು ಗುಳಿಗೆಗೆ ಹೆಸರಾಗಿ ನಿಂತಿರುವುದು ಅರ್ಥವತ್ತಾಗಿದೆ. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಿದರೆ ಪದ್ಯ ಕುಂಟುತ್ತದೆ. ಈ ಔಷಧದಲ್ಲಿ ಹೆಚ್ಚಿದರೆ ಪ್ರಾಣಕ್ಕೇ ಸಂಚಕಾರ.

ಇದು ಅಲಂಕಾರದ ಮಾತಲ್ಲ. ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ದಿನವೂ ನುಂಗಬಾರದು. ಮಾತ್ರೆಯೆಂದರೆ ಪ್ರತಿದಿನದ್ದೆಂಬ ರೂಢಿಯಿಂದ ತಪ್ಪಾಗಿ ದಿನವೂ ನುಂಗಿ, ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣ ನೀಗಿದವರು ಈ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ಇದ್ದಾರೆ. ಓದು ಬಾರದವರಿಗೆ ಚೀಟಿಯ ಮೇಲಿನ ಇಂಗ್ಲಿಷ್ ಅಕ್ಷರದಿಂದ ಏನೂ ತಿಳಿಯದು; ವಾರದ ಹೆಸರನ್ನೇ ಹೇಳಿ ಕಟ್ಟು ಮಾಡಬೇಕು. ಭಕ್ತರ ಮನೆಗಳಲ್ಲಿ ಸೋಮವಾರವನ್ನು ಯಾರೂ ಮರೆಯುವುದಿಲ್ಲ. ಸೋಮವಾರಕ್ಕೆ ಮೆಥೊಟ್ರೆಕ್ಸೇಟನ್ನು ಕಟ್ಟಿ, ಅದರ ಉಪದ್ರವವನ್ನು ತಗ್ಗಿಸಲು ಕೊಡುವ ಫೋಲಿಕ್ ಆಸಿಡನ್ನು ಶುಕ್ರವಾರಕ್ಕೋ ವೈದ್ಯರು ಹೇಳಿದ ಬೇರೆ ದಿನಕ್ಕೋ ಕಟ್ಟಿದರೆ ನೆನಪು ತಪ್ಪದು. ಸೋಮವಾರ ಒಪ್ಪೊತ್ತು ಇರುವವರು ಊಟವಾದ ಮೇಲೆಯೇ ತೆಗೆದುಕೊಳ್ಳಲಿ, ಇಲ್ಲವೆ ಬೇರೆ ವಾರವನ್ನು ಆರಿಸಿಕೊಳ್ಳಲಿ. ವಾರ ಯಾವುದಾದರೂ ಆದೀತು, ಬದಲಾಗಬಾರದು. ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬಹುದು. ಸೋಮವಾರದ ಮಾತ್ರೆಯೂ ಶುಕ್ರವಾರದ ಮಾತ್ರೆಯೂ ಸುಬ್ಬರಾಯರ ಒಂದೇ ಪ್ರಯೋಗಶಾಲೆಯ ಕೂಸುಗಳು: ಒಂದು ಕಟ್ಟುವುದು, ಇನ್ನೊಂದು ಬಿಡಿಸುವುದು.

ಆರಂಭಿಸುವ ಮೊದಲು ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ, ಎದೆಯ ಚಿತ್ರ ಇವನ್ನು ವೈದ್ಯರು ಮಾಡಿಸುತ್ತಾರೆ. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ನೋಡಿಸುತ್ತಿರಬೇಕು. ಔಷಧದ ಮಾರನೆಯ ದಿನ ಓಕರಿಕೆ, ಸುಸ್ತು ಕೆಲವರಿಗೆ ಉಂಟು. ಬಹುಮಟ್ಟಿಗೆ ತಾಳಿಕೊಳ್ಳಬಹುದಾದದ್ದು, ತಾಳಲಾಗದಿದ್ದರೆ ಹೇಳಿದರೆ ಉಪಾಯವಿದೆ. ಬಾಯಲ್ಲಿ ಹುಣ್ಣು, ಜ್ವರ, ಒಣಕೆಮ್ಮು, ಏದುಸಿರು, ಮೈಮೇಲೆ ಕಾರಣವಿಲ್ಲದ ಕಂದುಗಲೆ ಕಂಡರೆ ಮುಂದಿನ ಮಾತ್ರೆಯನ್ನು ನುಂಗದೆ ಅಂದೇ ವೈದ್ಯನನ್ನು ಕಾಣಬೇಕು. ಮೂತ್ರದ ಸೋಂಕಿಗೋ ಗಂಟಲಿಗೋ ಬೇರೆ ಕಡೆ ಔಷಧ ಪಡೆಯುವಾಗ ಈ ಮಾತ್ರೆಯ ಹೆಸರನ್ನು ಮರೆಯದೆ ಹೇಳಬೇಕು. ಕೋಟ್ರೈಮೊಕ್ಸಜೋಲ್ ಎಂಬ ಸಾಮಾನ್ಯವಾದ ಗುಳಿಗೆ ಇದರೊಡನೆ ಸೇರಿದರೆ ವಿಷವಾದೀತು. ಮದ್ಯವನ್ನು ಬಿಡಬೇಕು. ಮಕ್ಕಳನ್ನು ಬಯಸುವ ಹೆಂಗಸರು ಅದನ್ನು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸತಕ್ಕದ್ದು, ಏಕೆಂದರೆ ಈ ಔಷಧವು ಗರ್ಭಕ್ಕೆ ಹಾನಿಕರ. ತಿಂಗಳುಗಳ ಮೊದಲೇ ನಿಲ್ಲಿಸಿ, ಗರ್ಭಕ್ಕೆ ನಿರಪಾಯವಾದ ಬೇರೆ ಔಷಧಕ್ಕೆ ಬದಲಿಸುತ್ತಾರೆ. ಈ ಮಾತನ್ನು ಆಡಲು ನಾಚಿ ಸುಮ್ಮನಿದ್ದವರು ಆಮೇಲೆ ಪಡುವ ಸಂಕಟ ದೊಡ್ಡದು. ಅತ್ತೆಯಾದವಳು ಜೊತೆಗೆ ಹೋಗಿ ತಾನೇ ಬಾಯಿಬಿಟ್ಟು ಕೇಳಿದರೆ ಸೊಸೆಯ ಭಾರ ಅರ್ಧ 내ಿಳಿದೀತು.

ಇದರೊಡನೆ ಕೊಡುವ ಮತ್ತೊಂದು ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್. ತರೀಕೆರೆಯವರಿಗೆ ಇದರ ವಂಶ ಅಪರಿಚಿತವಲ್ಲ. ಬಾಬಾಬುಡನ್ ಗಿರಿಯ ಬುಡದ ಈ ಕಾಡಂಚಿನ ಹಳ್ಳಿಗಳಲ್ಲಿ ಮಲೇರಿಯಾ ಚಳಿಜ್ವರವು ಮನೆಮನೆಯನ್ನೂ ಕಾಡಿದ ಕಾಲವೊಂದಿತ್ತು, ಡಿ.ಡಿ.ಟಿ. ಬಂದು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯ ಮೊದಲಾಗುವವರೆಗೂ ಕ್ವಿನೈನಿನ ಕಹಿಯನ್ನು ಅರಿಯದ ನಾಲಗೆ ಮಲೆನಾಡಿನಲ್ಲಿ ವಿರಳ. ಆ ಕ್ವಿನೈನಿನಿಂದ ಲೂಪಸಿನ ಚರ್ಮರೋಗ ತಗ್ಗುವುದನ್ನು ಲಂಡನ್ನಿನ ಪೇನ್ ಎಂಬ ವೈದ್ಯನು 1894ರಲ್ಲಿ ಹೇಳಿದ್ದನು. ಎರಡನೆಯ ಮಹಾಯುದ್ಧದಲ್ಲಿ ಮಲೇರಿಯಾ ತಡೆಯಲು ಮೆಪಕ್ರಿನ್ ಗುಳಿಗೆ ನುಂಗಿದ ಸಿಪಾಯಿಗಳಲ್ಲಿ ಕೆಲವರ ಕೀಲುನೋವೂ ಚರ್ಮದ ಬೇನೆಯೂ ಇಳಿದುವು. ಆ ಗುಳಿಗೆಯನ್ನು ಲೂಪಸಿನವರಿಗೆ ಕೊಟ್ಟು ಪೇಜ್ ಎಂಬವನು 1951ರಲ್ಲಿ ಬರೆದನು. ಆ ದಾರಿಯ ಮೃದುವಾದ ಸಂತಾನವೇ ಇಂದಿನ ಹೈಡ್ರಾಕ್ಸಿಕ್ಲೋರೋಕ್ವಿನ್. ಇದನ್ನು ದಿನವೂ ಸೇವಿಸಬೇಕು. ಫಲ ಕಾಣಲು ಎರಡರಿಂದ ಆರು ತಿಂಗಳು ಬೇಕು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಐದು ಮಿಲಿಗ್ರಾಮನ್ನು ಮೀರಬಾರದು, ಏಕೆಂದರೆ ಬಹುವರ್ಷಗಳ ಬಳಕೆಯಿಂದ ಕಣ್ಣಿನ ಒಳಪರದೆಗೆ ಅಪಾಯವುಂಟು. ಆರಂಭದಲ್ಲೊಮ್ಮೆ ಕಣ್ಣು ತೋರಿಸಿ, ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ತೋರಿಸುತ್ತಿದ್ದರೆ ಭಯಪಡಬೇಕಾದ್ದಿಲ್ಲ.

ಆಯುರ್ವೇದವನ್ನು ಬಿಟ್ಟು ಈ ಉಷ್ಣಮದ್ದೇಕೆಂದು ಕೇಳುವ ಹಿರಿಯರಿಗೆ ಉಡಾಫೆಯ ಉತ್ತರ ಸಲ್ಲದು. 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕೊಯಮತ್ತೂರಿನಲ್ಲಿ 43 ಮಂದಿ ರೋಗಿಗಳನ್ನು ಮೂರು ಪಾಲು ಮಾಡಿ, ಆಯುರ್ವೇದವನ್ನೂ ಮೆಥೊಟ್ರೆಕ್ಸೇಟನ್ನೂ ಎರಡನ್ನೂ ಕೂಡಿಸಿಯೂ ಕೊಟ್ಟು ನೋಡಿದರು; ಮೂರು ಪಾಲಿನವರಿಗೂ ಸರಿಸುಮಾರು ಒಂದೇ ಬಗೆಯ ಸುಖ ಕಂಡಿತು. ಗೌರವಕ್ಕೆ ಪಾತ್ರವಾದ ಪ್ರಯತ್ನವಿದು. ಆದರೆ 43 ಮಂದಿಯ ಮೇಲೆ ಸಿದ್ಧಾಂತ ಕಟ್ಟಲಾಗದು. ಮೂಳೆಯ ಕೊರೆತ ವರ್ಷಗಳ ಮೇಲೆ ನಿಲ್ಲುವುದೋ ಇಲ್ಲವೋ ಎಂಬುದಕ್ಕೆ ಅಷ್ಟು ಪುರಾವೆ ಸಾಲದು. ಮೆಥೊಟ್ರೆಕ್ಸೇಟಿಗಾದರೋ ಲಕ್ಷಾಂತರ ಜನರ ನಾಲ್ಕು ದಶಕಗಳ ಅನುಭವವಿದೆ. ವೈದ್ಯಪದ್ಧತಿ ಯಾವುದೇ ಇರಲಿ, ಎರಡನ್ನು ಕೂಡಿಸಿ ಸೇವಿಸುವವರು ಅದನ್ನು ಇಬ್ಬರು ವೈದ್ಯರಿಂದಲೂ ಮುಚ್ಚಿಡಬಾರದು; ಯಕೃತ್ತು ಒಂದೇ ಇರುವುದು.

ಔಷಧ ಹತ್ತಲು ಆರರಿಂದ ಹನ್ನೆರಡು ವಾರ ಬೇಕು. ಈ ಅವಧಿಯೇ ಕಠಿಣ. ಉಪದ್ರವ ಕಾಣುತ್ತದೆ, ಗುಣ ಕಾಣುವುದಿಲ್ಲ. ಬಿಡುವವರು ಇಲ್ಲಿಯೇ ಬಿಡುತ್ತಾರೆ. ಬೆಳಿಗ್ಗೆ ಬೆಚ್ಚನೆಯ ನೀರಿನಲ್ಲಿ ಕೈಯಿಟ್ಟು ಬೆರಳುಗಳನ್ನು ಮೆಲ್ಲಗೆ ಆಡಿಸಿದರೆ ಬಿಗಿತ ಬೇಗ ಸಡಿಲುತ್ತದೆ. ಊತ ಹೆಚ್ಚಿದ ದಿನ ವಿಶ್ರಾಂತಿ, ತಗ್ಗಿದ ದಿನ ನಡಿಗೆ ಮತ್ತು ಕೆಲಸ. ಪೂರ್ತಿ ಮಲಗಿದರೆ ಮಾಂಸಖಂಡ ಕರಗಿ ಕೀಲು ಇನ್ನೂ ಸೋಲುತ್ತದೆ. ಕೊಡವನ್ನು ಬೆರಳಲ್ಲಿ ಎತ್ತದೆ ತೋಳಿನಿಂದ ಅವಚಿ ಹಿಡಿಯುವುದು, ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳುವುದು, ಅಡಿಕೆ ಸುಲಿಯುವ ಬದಲು ಆರಿಸುವ ಕೆಲಸಕ್ಕೆ ಕೂರುವುದು, ಇವೆಲ್ಲ ಸಣ್ಣವಾದರೂ ಉಪಕಾರಿಗಳು. ಪೂಜೆಯ ಸಮಯದಲ್ಲಿ ಮಣಿಕಟ್ಟಿನಡಿ ಮಡಿಬಟ್ಟೆಯ ಮಡಿಕೆಯನ್ನು ಆಧಾರವಾಗಿಡುವುದಕ್ಕೂ, ಬಿಗಿತ ಬಿಟ್ಟ ಮೇಲೆ ಪೂಜೆಗೆ ಕೂರುವುದಕ್ಕೂ ಆಕ್ಷೇಪವೇನೂ ಇರಲಾರದು; ಶಂಕೆಯಿದ್ದವರು ತಮ್ಮ ಗುರುಗಳಲ್ಲಿ ಕೇಳಿಕೊಳ್ಳಬಹುದು. ಚಂದಯ್ಯನ ನಿಷ್ಠೆಯ ಕಥೆಯನ್ನು ಹಿಡಿದು, ಊದಿದ ಕೈಯಿಂದಲೇ ದುಡಿಯಬೇಕೆಂದು ರೋಗಿಯನ್ನು ಹಂಗಿಸುವುದು ಆ ಕಥೆಗೆ ಮಾಡುವ ಅಪಚಾರ. ಕಾಯಕದ ಜೊತೆಯಲ್ಲಿಯೇ ದಾಸೋಹವನ್ನು ಹೇಳಿದ್ದಾರೆ. ಒಬ್ಬರ ಕೈ ಸೋತ ಮನೆಯಲ್ಲಿ ಮುದ್ದೆ ತೊಳಸಲು ಗಂಡನು ಒಲೆಯ ಮುಂದೆ ನಿಲ್ಲುವುದೂ ಅದರೊಳಗೇ ಬರುತ್ತದೆ.

ತಜ್ಞವೈದ್ಯರು ತರೀಕೆರೆಯಂಥ ಊರುಗಳಲ್ಲಿ ಪ್ರತಿದಿನ ಸಿಗುವುದಿಲ್ಲ. ಬೀರೂರು ಶಿವಮೊಗ್ಗ ರೈಲುಮಾರ್ಗ ಊರನ್ನು ಹಾದುಹೋಗುವುದರಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿಬರುವುದು ಕಷ್ಟವಲ್ಲ. ನಡುವಣ ರಕ್ತಪರೀಕ್ಷೆಗಳನ್ನು ಊರಿನಲ್ಲಿಯೇ ಮಾಡಿಸಿ, ಫಲಿತಾಂಶಗಳನ್ನು ಒಂದೇ ಪುಸ್ತಕದಲ್ಲಿ ತೇದಿಯ ಕ್ರಮದಲ್ಲಿ ಅಂಟಿಸಿ ಒಯ್ದರೆ ತಜ್ಞನಿಗೆ ಅರ್ಧ ಕೆಲಸ ಮುಗಿದಂತೆ. ಮೆಥೊಟ್ರೆಕ್ಸೇಟ್ ಹಳೆಯ ಔಷಧವಾದ್ದರಿಂದ ಬೆಲೆಯೂ ಹೆಚ್ಚಲ್ಲ.

ಆರು ತಿಂಗಳಲ್ಲಿ ಊತವಿಳಿದು ಮುಷ್ಟಿ ಕಟ್ಟಲು ಬಂದವರು ಕೇಳುವ ಪ್ರಶ್ನೆ ಒಂದೇ: ಗುಣವಾಯಿತಲ್ಲ, ಇನ್ನೇಕೆ ನುಂಗಬೇಕು? ಗುಣವಾದದ್ದು ಹಗ್ಗ ಹಿಡಿದಿರುವುದರಿಂದ. ತಾವಾಗಿ ಬಿಟ್ಟವರಲ್ಲಿ ಬಹುಮಂದಿಗೆ ರೋಗವು ಕೆಲವೇ ತಿಂಗಳಲ್ಲಿ ಮರುಕಳಿಸುತ್ತದೆ, ಮತ್ತೆ ಹಿಡಿತಕ್ಕೆ ತರಲು ಹಿಂದಿನಷ್ಟು ಸುಲಭವಾಗದೆಯೂ ಇರಬಹುದು. ಬಹುಕಾಲ ಶಾಂತವಾಗಿದ್ದರೆ ವೈದ್ಯರೇ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡುತ್ತಾರೆ. ಅಲ್ಲಿಯವರೆಗೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರ ಸೋಮವಾರಕ್ಕೆ ಒಂದೊಂದು ಗುರುತು ಬೀಳುತ್ತಿರಬೇಕು, ಉಳಿದ ಆರು ದಿನಗಳ ಮನೆ ಖಾಲಿಯಾಗಿರಬೇಕು.